ಇಪ್ಪತ್ತನಾಲ್ಕು ಪಟ್ಟು ಕುಗ್ಗಿದ ಗಣಿ: ಹಳೆಯ ನಕ್ಷೆಗಳ ಮೈಕ್ರೋಫಿಲ್ಮನ್ನು ಡಿಜಿಟಲ್ ಮಾಡುವಾಗ ಅಳತೆ ಎಲ್ಲಿ ಕಳೆದುಹೋಗುತ್ತದೆ

ಕೋಲಾರ ಚಿನ್ನದ ಗಣಿಯ ಬಾಗಿಲು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿ ಕೈಹಾಕಿದಂದಿನಿಂದ ಆ ದಿನದವರೆಗೆ ಅಗೆದದ್ದು, ಚಾಂಪಿಯನ್ ರೀಫ್‌ನಲ್ಲಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದದ್ದು, ಇದನ್ನೆಲ್ಲ ಇನ್ನು ಯಾರೂ ಒಳಗಿಳಿದು ಅಳೆದು ನೋಡುವಂತಿಲ್ಲ. ನೆಲದಡಿ ಏನಿದೆ ಎಂಬುದಕ್ಕೆ ಸಾಕ್ಷಿಯಾಗಿ ಉಳಿದಿರುವುದು ನಕ್ಷೆಗಳು ಮಾತ್ರ.

ಈ ಮಾತು ಈಗ ಮುಖ್ಯವಾಗಿರುವುದಕ್ಕೆ ಕಾರಣಗಳಿವೆ. ಊರಿನ ಗುರುತೇ ಆಗಿರುವ ಸೈನೈಡ್ ದಿಬ್ಬಗಳಿಂದ (ಚಿನ್ನ ತೆಗೆದುಳಿದ ಅದಿರಿನ ಪುಡಿಯ ರಾಶಿಗಳಿಂದ) ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. 13 ದಿಬ್ಬಗಳು, ಸಾವಿರ ಎಕರೆಗೂ ಹೆಚ್ಚು ಜಾಗ. ಅದರ ಮೇಲೆ ಭಾರಿ ಯಂತ್ರ ಓಡಾಡಬೇಕಾದರೆ ಕೆಳಗೆ ಟೊಳ್ಳು ಇದೆಯೇ ಎಂದು ತಿಳಿದಿರಬೇಕು. ಮಾರಿಕುಪ್ಪಂ, ಊರಿಗಾಂ, ಕೋರಮಂಡಲ್ ಕಡೆ ಮನೆ ಕಟ್ಟುವವರಿಗೂ ಅದು ಬೇಕು. ಸಾವಿರ ಅಡಿ ದಾಟಿ ಕೊಳವೆಬಾವಿ ಕೊರೆಸುವ ಜಿಲ್ಲೆ ನಮ್ಮದು. ಬೋರಿನ ರಾಡು ಹಳೆಯ ಸುರಂಗಕ್ಕೆ ಬೀಳುವ ಮಾತು ಇಲ್ಲಿ ಬರೀ ಊಹೆಯಲ್ಲ.

ನಕ್ಷೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತು ನೆನಪಿಡುವ ಉದಾಹರಣೆ ಅಮೆರಿಕದ ಪೆನ್ಸಿಲ್ವೇನಿಯಾದ್ದು. 2002ರ ಜುಲೈಯಲ್ಲಿ ಕ್ವೆಕ್ರೀಕ್ ಕಲ್ಲಿದ್ದಲು ಗಣಿಯವರು ಪಕ್ಕದ, ಎಂದೋ ಕೈಬಿಟ್ಟ ಸ್ಯಾಕ್ಸ್‌ಮನ್ ಗಣಿಗೆ ತೂತು ಹೊಡೆದರು. ಅವರ ಕೈಲಿದ್ದ ಹಳೆಯ ನಕ್ಷೆಯ ಪ್ರಕಾರ ಆ ಗಣಿ ಇನ್ನೂ ದೂರವಿತ್ತು. ನೀರು ನುಗ್ಗಿ 9 ಜನ ಮೂರು ದಿನಕ್ಕೂ ಮೀರಿ ಒಳಗೆ ಸಿಕ್ಕಿಕೊಂಡರು. ಎಲ್ಲರೂ ಜೀವಂತವಾಗಿ ಹೊರಬಂದದ್ದು ಪುಣ್ಯ. ಅದಾದ ಮೇಲೆ ಅಲ್ಲಿ ಹಳೆಯ ಗಣಿ ನಕ್ಷೆಗಳನ್ನು ಹುಡುಕಿ ಸ್ಕ್ಯಾನ್ ಮಾಡುವ ಕೆಲಸಕ್ಕೆ ವೇಗ ಬಂತು. ನಮ್ಮಲ್ಲೂ 1961ರ ಲೋಹ ಗಣಿ ನಿಯಮಾವಳಿಯ ಪ್ರಕಾರ, ಗಣಿ ಕೈಬಿಡುವಾಗ ಅಂದಿನವರೆಗಿನ ಕೆಲಸ ತೋರಿಸುವ ನಕ್ಷೆಯನ್ನು ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ಒಪ್ಪಿಸಬೇಕು. ಆದರೆ ಒಪ್ಪಿಸಿದ ನಕ್ಷೆ ಕೊನೆಯ ಸಾರಾಂಶ ಇದ್ದಂತೆ. ನೂರಿಪ್ಪತ್ತು ವರ್ಷದ ವಿವರ ಇರುವುದು ಲೆವೆಲ್‌ ಲೆವೆಲ್‌ಗೂ (ಗಣಿಯೊಳಗಿನ ಪ್ರತಿ ಅಂತಸ್ತಿಗೂ) ಬರೆದ ಹಾಳೆಗಳಲ್ಲಿ, ಶಾಫ್ಟ್ (ನೆಲದಿಂದ ಕೆಳಗಿಳಿಯುವ ಬಾವಿಯಂಥ ದಾರಿ) ಡ್ರಾಯಿಂಗುಗಳಲ್ಲಿ, ಸರ್ವೆ ಪುಸ್ತಕಗಳಲ್ಲಿ.

ದೊಡ್ಡ ಡ್ರಾಯಿಂಗುಗಳನ್ನು 35 ಮಿ.ಮೀ. ಫಿಲ್ಮಿಗೆ, ಅಂದರೆ ಮೈಕ್ರೋಫಿಲ್ಮಿಗೆ, ಕುಗ್ಗಿಸಿ ಇಳಿಸಿ ಇಡುವುದು ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಎಂಜಿನಿಯರಿಂಗ್ ಕಚೇರಿಗಳ ಸಾಮಾನ್ಯ ಪದ್ಧತಿಯಾಗಿತ್ತು. ಮೂಲ ಹಾಳೆ ಗೆದ್ದಲಿಗೋ ನೀರಿಗೋ ಹೋಗಿ ಫಿಲ್ಮು ಮಾತ್ರ ಉಳಿದಿರುವ ಸಂದರ್ಭಗಳಿವೆ. ಅಂಥ ಫಿಲ್ಮನ್ನು ಡಿಜಿಟಲ್ ಮಾಡುವುದೆಂದರೆ ನಕಲು ಅಂಗಡಿಯ ಕೆಲಸ ಎಂದುಕೊಂಡವರೇ ಹೆಚ್ಚು. ಚಿತ್ರ ಚೆನ್ನಾಗಿ ಕಂಡರೆ ಸಾಕು ಎಂಬುದು ಅವರ ಲೆಕ್ಕ. ಹಳೆಯ ಪತ್ರಿಕೆಯ ಪುಟಕ್ಕೆ ಅದು ಸಾಕು. ತಾಂತ್ರಿಕ ನಕ್ಷೆಯಲ್ಲಿ ಓದಬೇಕಾದದ್ದು ಅಕ್ಷರವನ್ನಷ್ಟೇ ಅಲ್ಲ, ಗೆರೆ ಇರುವ ಜಾಗವನ್ನೂ.

300 ಡಿಪಿಐ ಎಂದರೆ ಯಾವುದರ ಮೇಲೆ?

ಟೆಂಡರ್ ಕಾಗದಗಳಲ್ಲಿ ಸಾಮಾನ್ಯವಾಗಿ ಕಾಣುವ ಸಾಲು: «300 ಡಿಪಿಐ, ಪಿಡಿಎಫ್ ರೂಪ, ಪುಟಕ್ಕೆ ಇಷ್ಟು ದರ.» ಡಿಪಿಐ ಎಂದರೆ ಒಂದು ಅಂಗುಲಕ್ಕೆ ಎಷ್ಟು ಚುಕ್ಕೆ (ಪಿಕ್ಸೆಲ್) ಎಂಬ ಲೆಕ್ಕ. ಕಾಗದಕ್ಕಾದರೆ ಈ ಸಾಲಿಗೆ ಅರ್ಥವಿದೆ. ಮೈಕ್ರೋಫಿಲ್ಮಿಗೆ ಇಲ್ಲ. ಫಿಲ್ಮಿನ ಮೇಲಿರುವುದು ಕುಗ್ಗಿದ ಚಿತ್ರ. 300 ಎಂಬ ಅಂಕಿ ಫಿಲ್ಮಿನ ಅಂಗುಲಕ್ಕೋ ಮೂಲ ಹಾಳೆಯ ಅಂಗುಲಕ್ಕೋ ಎಂದು ಹೇಳದಿದ್ದರೆ ಗುತ್ತಿಗೆದಾರ ತನಗೆ ಅನುಕೂಲವಾದದ್ದನ್ನು ಆರಿಸಿಕೊಳ್ಳುತ್ತಾನೆ.

ಒಂದು ಹಾಳೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಹಳೆಯ ಕಾಲದ ಡಬಲ್ ಎಲಿಫೆಂಟ್ ಅಳತೆಯ ಹಾಳೆ 40 ಅಂಗುಲ ಉದ್ದ, 27 ಅಂಗುಲ ಅಗಲ. 24 ಪಟ್ಟು ಕುಗ್ಗಿಸಿ ತೆಗೆದರೆ ಫಿಲ್ಮಿನ ಮೇಲೆ 42.3 ಗುಣಿಸು 28.6 ಮಿ.ಮೀ. ಚೌಕಟ್ಟು. ಮೂಲದ ಮೇಲೆ 300 ಡಿಪಿಐ ಬೇಕೆಂದರೆ ಫಿಲ್ಮಿನ ಮೇಲೆ 300ನ್ನು 24ರಿಂದ ಗುಣಿಸಿ, ಅಂಗುಲಕ್ಕೆ 7200 ಪಿಕ್ಸೆಲ್ ಹಿಡಿಯಬೇಕು. ಮೇಜಿನ ಮೇಲಿಡುವ ಸಾಧಾರಣ ಫಿಲ್ಮ್ ಸ್ಕ್ಯಾನರ್‌ಗಳ ಪೆಟ್ಟಿಗೆ ಮೇಲೆ 4800 ಎಂದು ಬರೆದಿದ್ದರೂ ನಿಜಕ್ಕೂ ಬೇರೆಬೇರೆಯಾಗಿ ತೋರಿಸುವುದು ಬಹಳ ಸಲ ಅದರ ಅರ್ಧ. 2400 ಎಂದೇ ಇಟ್ಟುಕೊಂಡರೆ ಮೂಲ ಹಾಳೆಯ ಮೇಲೆ ಅದು ಬರೀ 100 ಡಿಪಿಐ. ಉಳಿದದ್ದನ್ನು ತಂತ್ರಾಂಶ ಊಹಿಸಿ ತುಂಬುತ್ತದೆ. ಫೈಲಿನ ಗುಣವಿವರದಲ್ಲಿ 7200 ಎಂದೇ ಕಾಣುತ್ತದೆ, ಗಾತ್ರವೂ ದೊಡ್ಡದಿರುತ್ತದೆ, ಆದರೆ ಒಳಗೆ ವಿವರವಿಲ್ಲ.

ಹಾಗಾದರೆ ಎಷ್ಟು ಬೇಕು ಎಂಬುದನ್ನು ಫಿಲ್ಮೇ ಹೇಳುತ್ತದೆ. ಸರಿಯಾಗಿ ತೆಗೆದ ರೋಲಿನ ಆರಂಭದಲ್ಲಿ ಪರೀಕ್ಷಾ ಫಲಕದ ಒಂದು ಚೌಕಟ್ಟು ಇರುತ್ತದೆ: ಅಡ್ಡ, ಉದ್ದ ಗೆರೆಗಳ ಸಣ್ಣ ಸಣ್ಣ ಗುಂಪುಗಳು, ಪ್ರತಿ ಗುಂಪಿಗೂ ಮಿ.ಮೀ.ಗೆ ಎಷ್ಟು ಗೆರೆ ಜೋಡಿ ಎಂದು ಹೇಳುವ ಒಂದು ಸಂಖ್ಯೆ. 100 ಪಟ್ಟು ದೊಡ್ಡದು ಮಾಡುವ ಸೂಕ್ಷ್ಮದರ್ಶಕದಲ್ಲಿ ನೋಡಿ, ಗೆರೆಗಳು ಒಂದಕ್ಕೊಂದು ಅಂಟದೆ ಕಾಣುವ ಕೊನೆಯ ಗುಂಪಿನ ಸಂಖ್ಯೆಯನ್ನು ಕುಗ್ಗಿಸಿದ ಪಟ್ಟಿನಿಂದ ಗುಣಿಸಬೇಕು. 5.0 ಗುಂಪು ಕಂಡಿತು ಎಂದರೆ 5 ಗುಣಿಸು 24, ಅಂದರೆ ಮಿ.ಮೀ.ಗೆ 120 ಗೆರೆ ಜೋಡಿ. ಒಂದು ಜೋಡಿಗೆ ಕನಿಷ್ಠ ಎರಡು ಪಿಕ್ಸೆಲ್; ಮಿ.ಮೀ.ಗೆ 240, ಅಂಗುಲಕ್ಕೆ ಸುಮಾರು 6100. ಇದಕ್ಕಿಂತ ಹೆಚ್ಚು ಹಿಡಿದರೆ ಸಿಗುವುದು ಫಿಲ್ಮಿನ ಬೆಳ್ಳಿ ಕಣ, ನಕ್ಷೆಯಲ್ಲ. ಈ 6100ನ್ನು 24ರಿಂದ ಭಾಗಿಸಿದರೆ ಮೂಲದ ಮೇಲೆ 254 ಡಿಪಿಐ, ಅಂದರೆ ಮಿ.ಮೀ.ಗೆ ಸರಿಯಾಗಿ ಹತ್ತು ಪಿಕ್ಸೆಲ್. ನೂರು ಅಡಿಗೆ ಒಂದು ಅಂಗುಲದಂತೆ ಬರೆದ ನಕ್ಷೆಯಾದರೆ ಒಂದು ಪಿಕ್ಸೆಲ್ ನೆಲದಲ್ಲಿ 12 ಸೆಂ.ಮೀ. ಗಣಿ ಕೆಲಸಕ್ಕೆ ಅದು ಧಾರಾಳವಾಯಿತು.

ಟೆಂಡರಿನಲ್ಲಿ ಬರೆಯಬೇಕಾದದ್ದು ಹೀಗೆ: «ರೋಲಿನ ಪರೀಕ್ಷಾ ಫಲಕದಲ್ಲಿ ಸೂಕ್ಷ್ಮದರ್ಶಕಕ್ಕೆ ಕಂಡ ಗುಂಪು ಸ್ಕ್ಯಾನಿನಲ್ಲೂ ಕಾಣಬೇಕು.» ಡಿಪಿಐ ಅಂಕಿಯನ್ನು ಸುಲಭವಾಗಿ ತಿರುಚಬಹುದು, ಇದನ್ನು ಹಾಗೆ ತಿರುಚಲಾಗದು.

ಫಿಲ್ಮಿನ ಜಾತಿ ತಿಳಿಯದೆ ಯಂತ್ರಕ್ಕೆ ಹಾಕಬಾರದು

ಸ್ಕ್ಯಾನರ್ ಕೊಳ್ಳುವ ಮೊದಲೇ ಪ್ರತಿ ರೋಲನ್ನೂ ಬಿಚ್ಚಿ ನೋಡಬೇಕು. ಖರ್ಚಿನ ದೊಡ್ಡ ಪಾಲು ಇಲ್ಲಿಗೇ ಹೋಗಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ಮೊದಲು ತಳ, ಅಂದರೆ ಚಿತ್ರದ ಪದರವನ್ನು ಹೊತ್ತ ಪ್ಲಾಸ್ಟಿಕ್. ಹಳೆಯವು ಅಸಿಟೇಟ್, ನಂತರದವು ಪಾಲಿಯೆಸ್ಟರ್. ರೋಲನ್ನು ಬೆಳಕಿಗೆ ಹಿಡಿದು ಮಗ್ಗುಲಿನಿಂದ ನೋಡಿದರೆ ಪಾಲಿಯೆಸ್ಟರ್ ಬೆಳಕು ಬಿಡುತ್ತದೆ, ಅಸಿಟೇಟ್ ಕಪ್ಪಗೆ ನಿಲ್ಲುತ್ತದೆ. ಎರಡು ಪೋಲರೈಸಿಂಗ್ ಗಾಜುಗಳ ನಡುವೆ ಇಟ್ಟು ಗಾಜು ತಿರುಗಿಸಿದರೆ ಪಾಲಿಯೆಸ್ಟರಿನಲ್ಲಿ ಕಾಮನಬಿಲ್ಲಿನ ಬಣ್ಣ ಕಾಣುತ್ತದೆ. ಹರಿದು ನೋಡುವ ಪರೀಕ್ಷೆಯನ್ನು ಮೂಲ ಫಿಲ್ಮಿನ ಮೇಲೆ ಯಾರೂ ಮಾಡಬಾರದು.

ಅಸಿಟೇಟ್ ಹಳತಾದಂತೆ ಹುಳಿ ಬಿಡುತ್ತದೆ. ಡಬ್ಬಿ ತೆರೆದ ಕೂಡಲೇ ವಿನೆಗರ್ ವಾಸನೆ ಬಂದರೆ ಕೆಲಸ ಕೆಟ್ಟಾಗಿದೆ ಎಂದೇ ಅರ್ಥ. 21 ಡಿಗ್ರಿ ಉಷ್ಣತೆ, ಶೇ 50ರ ತೇವದಲ್ಲಿ ಹೊಸ ಅಸಿಟೇಟ್ ಈ ಸ್ಥಿತಿಗೆ ಬರಲು ಸುಮಾರು 40 ವರ್ಷ; ನಮ್ಮ ಬೇಸಿಗೆಯಲ್ಲಿ ತಗಡಿನ ಸೂರಿನ ದಾಸ್ತಾನು ಕೋಣೆಯಲ್ಲಿ ಅದಕ್ಕಿಂತ ಬೇಗ. ಬಿಟ್ಟ ಆಮ್ಲವೇ ಮುಂದಿನ ಕೊಳೆತವನ್ನು ಚುರುಕುಗೊಳಿಸುವುದರಿಂದ, ಒಂದು ಹಂತ ದಾಟಿದ ಮೇಲೆ ಅದು ಏರುತ್ತಲೇ ಹೋಗುತ್ತದೆ, ಪಕ್ಕದ ರೋಲುಗಳಿಗೂ ಹರಡುತ್ತದೆ. ಎ-ಡಿ ಪಟ್ಟಿ ಎಂಬ ಆಮ್ಲ ಸೂಚಕ ಕಾಗದವನ್ನು ಡಬ್ಬಿಯೊಳಗೆ ಒಂದು ದಿನ ಮುಚ್ಚಿಟ್ಟರೆ ಆಮ್ಲ ಹೆಚ್ಚಿದಂತೆ ಅದು ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುತ್ತದೆ. ಅಳತೆ 0ಯಿಂದ 3. ಒಂದೂವರೆ ದಾಟಿದವನ್ನು ಸರದಿಯಲ್ಲಿ ಎಲ್ಲಕ್ಕಿಂತ ಮುಂದೆ ತರಬೇಕು, ಬೇರೆ ಕೋಣೆಯಲ್ಲಿ ತಂಪಾಗಿಡಬೇಕು. ತಂಪಿನಿಂದ ಹೊರತೆಗೆದ ರೋಲನ್ನು ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲೇ ಒಂದು ದಿನ ಬಿಟ್ಟು ಆಮೇಲೆ ತೆರೆಯಬೇಕು. ಇಲ್ಲವಾದರೆ ಚಿತ್ರವಿರುವ ಜೆಲಟಿನ್ ಪದರದ ಮೇಲೆ ಹನಿ ಕೂತು ಸುತ್ತುಗಳು ಅಂಟಿಕೊಳ್ಳುತ್ತವೆ. ಅಂಟಿದ್ದನ್ನು ಎಳೆದರೆ ಚಿತ್ರದ ಪದರವೇ ಕಿತ್ತುಬರುತ್ತದೆ. ಅಂಥ ರೋಲನ್ನು ಹಾಗೇ ಬದಿಗಿಟ್ಟು ಸಂರಕ್ಷಣೆ ತಿಳಿದವರಿಗೆ ಕೊಡಬೇಕು.

ನಂತರ ಚಿತ್ರದ ಪದರ. ಬೆಳ್ಳಿಯದಾದರೆ ಒಂದು ಮಗ್ಗುಲು ಮಾಸಲು, ಇನ್ನೊಂದು ಹೊಳಪು. ಬೆಳ್ಳಿಯ ಬದಲು ಬಣ್ಣದಿಂದ ಚಿತ್ರ ಮೂಡಿಸಿದ ಡಯಾಜೊ ಪ್ರತಿ ನೀಲಿ ಅಥವಾ ನೇರಳೆ ಛಾಯೆಯದು, ಬೆಳಕಿಗೆ ಮಾಸುತ್ತದೆ. ದೀಪದ ಮೇಲೆ ಹರವಿಟ್ಟು ಊಟಕ್ಕೆ ಹೋಗುವಂತಿಲ್ಲ. ವೆಸಿಕ್ಯುಲರ್ ಫಿಲ್ಮಿನಲ್ಲಿ ಚಿತ್ರವೆಂದರೆ ಸೂಕ್ಷ್ಮ ಗುಳ್ಳೆಗಳು, ಬಿಸಿ ತಾಕಿದರೆ ಅವು ಕುಸಿಯುತ್ತವೆ. ಶುಚಿ ಮಾಡುವಾಗ ಬೆಳ್ಳಿ ಫಿಲ್ಮಿನ ಕೊಳೆಗೆ ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲನ್ನು ನೂಲು ಬಿಡದ ಬಟ್ಟೆಗೆ ತಾಕಿಸಿ, ರೋಲಿನ ಖಾಲಿ ತುದಿಯಲ್ಲಿ ಮೊದಲು ನೋಡಿ ಒರೆಸಬಹುದು. ಡಯಾಜೊಗೆ ಅದನ್ನು ಮುಟ್ಟಿಸಬಾರದು, ಬಣ್ಣವೇ ಕರಗುತ್ತದೆ. ಬೆಳ್ಳಿ ಪದರದಲ್ಲಿ ಕೆಂಪು, ಕಿತ್ತಳೆ ಚುಕ್ಕೆಗಳಿದ್ದರೆ ಅದು ಕೊಳೆಯಲ್ಲ. ಅಗ್ಗದ ರಟ್ಟಿನ ಡಬ್ಬಿ, ಬಣ್ಣದ ಹೊಗೆಗಳಿಂದ ಹೊಮ್ಮುವ ಪೆರಾಕ್ಸೈಡುಗಳು ಬೆಳ್ಳಿಯನ್ನು ತಿಂದ ಗುರುತು. ಒರೆಸಿದರೆ ಹೋಗದು. ರಬ್ಬರ್ ಬ್ಯಾಂಡ್ ಸುತ್ತಿದ್ದರೆ ಅದನ್ನು ಅಂದೇ ತೆಗೆದೆಸೆಯಬೇಕು, ಅದರ ಗಂಧಕ ಫಿಲ್ಮಿಗೆ ವಿಷ.

ಕೈಗೆ ಸಿಕ್ಕ ರೋಲು ಎಷ್ಟನೇ ತಲೆಮಾರಿನದು ಎಂಬುದೂ ಮುಖ್ಯ. ಓದುಗರಿಗೆಂದು ಮಾಡಿದ ಮೂರನೇ ತಲೆಮಾರಿನ ಪ್ರತಿಯಲ್ಲಿ ಗೀರುಗಳಿರುತ್ತವೆ, ಪ್ರತಿ ನಕಲಿಗೂ ಒಂದಿಷ್ಟು ವಿವರ ಕಳೆದಿರುತ್ತದೆ. ಮೂಲ ಕ್ಯಾಮೆರಾ ನೆಗೆಟಿವ್ ಬೇರೆ ಕಚೇರಿಯಲ್ಲಿದೆಯೇ ಎಂದು ಎರಡು ತಿಂಗಳು ಹುಡುಕುವುದು ವ್ಯರ್ಥವಲ್ಲ.

ಕ್ಯಾಮೆರಾದಿಂದ ಮಾಡುವುದಾದರೆ

ಮೈಕ್ರೋಫಿಲ್ಮ್ ಸ್ಕ್ಯಾನರ್ ಜಿಲ್ಲಾ ಮಟ್ಟದ ಕಚೇರಿಗೋ ಕಾಲೇಜಿಗೋ ಎಟುಕುವ ಬೆಲೆಯದಲ್ಲ. ಮ್ಯಾಕ್ರೊ ಲೆನ್ಸ್ ಇರುವ ಕ್ಯಾಮೆರಾ, ಅಲುಗದ ಸ್ಟ್ಯಾಂಡು, ಎಲ್‌ಇಡಿ ಬೆಳಕಿನ ಹಲಗೆಯಿಂದ ಒಳ್ಳೆಯ ಕೆಲಸ ಸಾಧ್ಯ. ಆದರೆ ಲೆಕ್ಕ ಬಿಗಿ. 24 ಮೆಗಾಪಿಕ್ಸೆಲ್‌ನ ಪೂರ್ಣ ಚೌಕಟ್ಟಿನ ಸೆನ್ಸರ್ 36 ಮಿ.ಮೀ.ಗೆ 6000 ಪಿಕ್ಸೆಲ್ ಕೊಡುತ್ತದೆ. ಇದ್ದದ್ದನ್ನು ಇದ್ದಷ್ಟೇ ಗಾತ್ರದಲ್ಲಿ ತೆಗೆದರೆ ಮಿ.ಮೀ.ಗೆ 167. ನಮಗೆ ಬೇಕಾದದ್ದು 240. ಆದ್ದರಿಂದ 1.44 ಪಟ್ಟು ಹಿಗ್ಗಿಸಬೇಕು, ಆಗ ಒಂದು ಸಲಕ್ಕೆ 25 ಗುಣಿಸು 16.7 ಮಿ.ಮೀ. ಮಾತ್ರ ಸಿಗುತ್ತದೆ. ಒಂದು ನಕ್ಷೆಗೆ ನಾಲ್ಕು ತುಣುಕು, ಒಂದರ ಮೇಲೊಂದು ಸ್ವಲ್ಪ ಚಾಚಿ.

ಇಲ್ಲಿ ತಪ್ಪುವುದು ಮೂರು ಕಡೆ. ಆಳವಾಗಿ ಸ್ಪಷ್ಟ ಬರಲಿ ಎಂದು ಲೆನ್ಸಿನ ಕಂಡಿಯನ್ನು ಎಫ್ 11ಕ್ಕೆ ಕಿರಿದುಗೊಳಿಸುತ್ತಾರೆ (ಈ ಅಂಕಿ ದೊಡ್ಡದಾದಷ್ಟೂ ಕಂಡಿ ಕಿರಿದು). ಈ ಹಿಗ್ಗಿನಲ್ಲಿ ಅದು ಎಫ್ 27ರಂತೆ ವರ್ತಿಸುತ್ತದೆ, ಬೆಳಕು ಬಾಗುವುದರಿಂದಲೇ ಫಿಲ್ಮಿನ ಮೇಲೆ ಮಿ.ಮೀ.ಗೆ ನೂರು ಗೆರೆ ಜೋಡಿಯೂ ಕಾಣದಂತಾಗುತ್ತದೆ. 120 ಕೇಳಿದ ಕೆಲಸಕ್ಕೆ ಅದು ನಿಷ್ಪ್ರಯೋಜಕ. ಎಫ್ 5.6 ಸರಿ. ಆದರೆ ಆಗ ಸ್ಪಷ್ಟತೆಯ ಆಳ 0.08 ಮಿ.ಮೀ. ಮಾತ್ರ, ದಪ್ಪ ಫಿಲ್ಮಿನ ಮೈಗಿಂತಲೂ ಕಡಿಮೆ. ಸುರುಳಿಗೊಂಡ ಫಿಲ್ಮು ಎರಡು ಗಾಜುಗಳ ನಡುವೆ ಚಪ್ಪಟೆಯಾಗಿ ಕೂರಲೇಬೇಕು. ನಯವಾದ ಗಾಜು ಹೊಳಪು ಮಗ್ಗುಲಿಗೆ ತಾಗಿದರೆ ಬಳೆಬಳೆಯಾಗಿ ನ್ಯೂಟನ್ ಉಂಗುರಗಳು ಮೂಡುತ್ತವೆ, ಅದಕ್ಕೆ ಸಣ್ಣಗೆ ಒರಟು ಮಾಡಿದ ಗಾಜು ಬೇಕು. ಮೂರನೆಯದು ಅಲುಗಾಟ. ರಸ್ತೆಯಲ್ಲಿ ಲಾರಿ ಹೋದರೆ ಚಿತ್ರ ಹೋಯಿತು. ನೆಲಮಹಡಿಯಲ್ಲಿ ಕೂರಿಸಿ, ಶಟರ್ ಕೈಯಿಂದ ಒತ್ತದೆ ತಂತಿಯಿಂದಲೋ ಕಂಪ್ಯೂಟರಿನಿಂದಲೋ ಒತ್ತಬೇಕು. ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಅಗ್ಗದ ಎಲ್‌ಇಡಿಯ ಮಿನುಗು ಅಡ್ಡಪಟ್ಟಿಗಳಾಗಿ ಬೀಳುತ್ತದೆ.

ತುಣುಕುಗಳಲ್ಲಿ ಇನ್ನೊಂದು ಅಪಾಯವಿದೆ, ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಫಿಲ್ಮನ್ನು ಮಗುಚಿ ಇಟ್ಟರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ಬರುತ್ತದೆ. ಅಕ್ಷರವಿದ್ದರೆ ಗೊತ್ತಾಗುತ್ತದೆ, ಬರೀ ಗೆರೆಗಳಿರುವ ಚೌಕಟ್ಟಿನಲ್ಲಿ ಪೂರ್ವದ ಸುರಂಗ ಪಶ್ಚಿಮಕ್ಕೆ ಹೋಗಿ ಕೂರುತ್ತದೆ. ಉತ್ತರ ದಿಕ್ಕಿನ ಬಾಣ ಇರುವ ತುಣುಕಿನ ಜೊತೆ ಪ್ರತಿಯೊಂದನ್ನೂ ಜೋಡಿಸಿ ನೋಡದೆ ಮುಂದೆ ಹೋಗಬಾರದು.

ಕಪ್ಪು-ಬಿಳುಪು ಎರಡೇ ಛಾಯೆಯಲ್ಲಿ ಉಳಿಸಿದರೆ ಫೈಲು ಪುಟ್ಟದಾಗುತ್ತದೆ, ಅದಕ್ಕೇ ಅದು ಜನಪ್ರಿಯ. ಆದರೆ ಹಾಳೆಯ ಮೇಲಿನ ಕಾಲು ಮಿ.ಮೀ. ಗೆರೆ 24 ಪಟ್ಟು ಕುಗ್ಗಿ ಫಿಲ್ಮಿನ ಮೇಲೆ ಸುಮಾರು 10 ಮೈಕ್ರಾನ್ ಆಗಿರುತ್ತದೆ. ನಮ್ಮ ಲೆಕ್ಕದಲ್ಲಿ ಎರಡೂವರೆ ಪಿಕ್ಸೆಲ್. ಮಾಸಿದ ಜಾಗದಲ್ಲಿ ಎರಡು ಛಾಯೆಯ ವಿಧಾನ ಅದನ್ನು ನುಂಗಿಬಿಡುತ್ತದೆ. 8 ಬಿಟ್ ಬೂದು ಛಾಯೆಯಲ್ಲಿ ಒಂದು ಹಾಳೆ ಸುಮಾರು 70 ಎಂಬಿ. ಹತ್ತು ಸಾವಿರ ಹಾಳೆಗೆ 700 ಜಿಬಿ, ಮೂರು ಪ್ರತಿ ಇಟ್ಟರೂ ಎರಡು ಟಿಬಿ ಚಿಲ್ಲರೆ. ಇಂದಿನ ಹಾರ್ಡ್‌ಡಿಸ್ಕ್ ಬೆಲೆಯಲ್ಲಿ ಇದರ ಮೇಲೆ ಉಳಿತಾಯ ಮಾಡುವುದಕ್ಕೆ ಅರ್ಥವಿಲ್ಲ.

ಗೆರೆಗೆ ನೆಲದ ವಿಳಾಸ

ಚಿತ್ರ ಸಿಕ್ಕಿತು. ಇನ್ನು ಅದನ್ನು ಇಂದಿನ ಭೂಪಟದ ಮೇಲೆ ಕೂರಿಸಬೇಕು. ಮೂಲ ಹಾಳೆ ಬಟ್ಟೆಯದೋ ಕಾಗದದ್ದೋ ಆಗಿ ಒಮ್ಮೆ ಕುಗ್ಗಿರುತ್ತದೆ, ಅಸಿಟೇಟ್ ಇನ್ನೊಮ್ಮೆ, ಅದೂ ಉದ್ದಕ್ಕೆ ಒಂದಷ್ಟು ಅಗಲಕ್ಕೆ ಒಂದಷ್ಟು. ನೂರು ಅಡಿಗೆ ಅಂಗುಲದ ಹಾಳೆ 40 ಅಂಗುಲಕ್ಕೆ 4000 ಅಡಿ ನೆಲ ತೋರಿಸುತ್ತದೆ. ಶೇ 1ರಷ್ಟು ಕುಗ್ಗಿದ್ದರೂ 40 ಅಡಿ, 12 ಮೀಟರ್ ತಪ್ಪು. ಮನೆಯ ಅಡಿಪಾಯಕ್ಕೆ ಇದು ಸಣ್ಣ ಮಾತಲ್ಲ.

ನಕ್ಷೆಯ ಮೇಲೆಯೇ ಚೌಕ ಗೆರೆಗಳ ಜಾಲ ಇದ್ದರೆ ಅದೇ ಮದ್ದು. ಮೂಲ ಎಳೆಯುವಾಗ ಅದು ಸರಿಯಾಗಿತ್ತು. ಆಮೇಲೆ ನಕ್ಷೆ ಕುಗ್ಗಿದಂತೆ ಅದೂ ಕುಗ್ಗಿದೆ. ಜಾಲದ ಛೇದಬಿಂದುಗಳನ್ನು ಅವುಗಳ ನಿಜವಾದ ಅಂಕಿಗೆ ಎಳೆದು ಕೂರಿಸಿದರೆ ಎಲ್ಲ ಕುಗ್ಗುವಿಕೆಯೂ ಒಮ್ಮೆಗೇ ತೀರುತ್ತದೆ. ಅದಕ್ಕೇ ತಂತ್ರಾಂಶ ತಾನಾಗಿ ಅಂಚು ಕತ್ತರಿಸುವುದನ್ನು ನಿಲ್ಲಿಸಬೇಕು: ಜಾಲದ ಅಂಕಿಗಳು ಇರುವುದೇ ಅಂಚಿನಲ್ಲಿ. ಆಮೇಲೆ ನೆಲದ ಮೇಲೆ ಇನ್ನೂ ಗುರುತು ಸಿಗುವ ಶಾಫ್ಟ್ ಬಾಯಿಗಳನ್ನು ಉಪಗ್ರಹ ಸ್ಥಾನಸೂಚಕದಿಂದ ಅಳೆದು ಜೋಡಿಸಬೇಕು. ಕನಿಷ್ಠ ನಾಲ್ಕು ಬಿಂದು ಬೇಕು, ಐದನೆಯದನ್ನು ಲೆಕ್ಕಕ್ಕೆ ಸೇರಿಸದೆ ಪರೀಕ್ಷೆಗೆ ಇಟ್ಟುಕೊಳ್ಳಬೇಕು. ಹಿಗ್ಗಿಸಿ ಬಾಗಿಸುವ ಬಹುಪದ ವಿಧಾನ ಬಳಸಿದರೆ ಎಲ್ಲ ಬಿಂದುಗಳೂ ಸುಂದರವಾಗಿ ಕೂರುತ್ತವೆ, ನಡುವಿನ ಸುರಂಗಗಳು ಮಾತ್ರ ಸೊಟ್ಟಗಾಗುತ್ತವೆ. ತಪ್ಪು ಅಡಗುವುದು ಅಲ್ಲೇ.

ಕೋಲಾರದ ಅದಿರಿನ ಪದರ ಪಶ್ಚಿಮಕ್ಕೆ ಓರೆಯಾಗಿ ಇಳಿಯುತ್ತದೆ, ಆಳಕ್ಕೆ ಹೋದಂತೆ ನೆಟ್ಟಗಾಗುತ್ತದೆ. ಅದರಿಂದ ಎರಡು ಎಚ್ಚರಿಕೆ. ಪದರದ ಉದ್ದಕ್ಕೂ ಸೀಳಿ ತೋರಿಸಿದ ಉದ್ದಛೇದ ಚಿತ್ರ ಮೇಲಿನಿಂದ ನೋಡಿದ ನಕ್ಷೆಯಲ್ಲ. ಅದನ್ನು ಭೂಪಟದ ಮೇಲೆ ಹಾಸಿದರೆ ಇಡೀ ಗಣಿ ಮಲಗಿಬಿಡುತ್ತದೆ. ನೋಡಲು ಎರಡೂ ಒಂದೇ ಥರ ಇರುವುದರಿಂದ ಗಣಿ ತಿಳಿಯದ ಡೇಟಾ ನೌಕರ ಇಲ್ಲಿ ಎಡವುವುದು ಸಹಜ, ಅವನದಲ್ಲದ ತಪ್ಪು. ಎರಡನೆಯದು, ಮೇಲಿನಿಂದ ನೋಡಿದ ನಕ್ಷೆಯಲ್ಲಿ ಹತ್ತಾರು ಲೆವೆಲ್‌ಗಳು ಒಂದರ ಪಕ್ಕ ಒಂದು, ಒಂದರ ಮೇಲೊಂದು ಬೀಳುತ್ತವೆ. ಗಣಿ ಸರ್ವೆಯವರು ಅವನ್ನು ಬೇರೆಬೇರೆ ಬಣ್ಣದಲ್ಲಿ ಬಳಿಯುತ್ತಿದ್ದರು, ವರ್ಷಕ್ಕೊಂದು ಬಣ್ಣ ಬಳಸುವುದೂ ಇತ್ತು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಆ ಬಣ್ಣಗಳೆಲ್ಲ ಒಂದೇ ಬೂದಿ. ಯಾವ ಸ್ಕ್ಯಾನರೂ ಅದನ್ನು ಮರಳಿ ತಾರದು. ಫಿಲ್ಮು ಆಯಿತಲ್ಲ ಎಂದು ಮೂಲ ಹಾಳೆಯನ್ನು ವಿಲೇವಾರಿ ಮಾಡುವುದು ಇದಕ್ಕೇ ಅಕ್ಷಮ್ಯ; ಒಂದು ಮೂಲ ಹಾಳೆ ಸಿಕ್ಕರೂ ಅದನ್ನು ನೇರವಾಗಿ ಬಣ್ಣದಲ್ಲಿ ಸ್ಕ್ಯಾನ್ ಮಾಡಬೇಕು.

ಗೆರೆಗಳನ್ನು ಕೃತಕ ಬುದ್ಧಿಮತ್ತೆಯಿಂದ ಸ್ಪಷ್ಟಗೊಳಿಸುವ ತಂತ್ರಾಂಶಗಳ ಬಗ್ಗೆಯೂ ಒಂದು ಮಾತು. ತುಂಡು ಗೆರೆಯನ್ನು ಅವು ಕೂಡಿಸಿ ಅಖಂಡ ಮಾಡುತ್ತವೆ. ಸರ್ವೆ ಭಾಷೆಯಲ್ಲಿ ತುಂಡು ಗೆರೆ ಎಂದರೆ ಅಳೆಯದೆ ಅಂದಾಜಿನಲ್ಲಿ ಬರೆದದ್ದು, ಅಥವಾ ಮುಂದೆ ಅಗೆಯಬೇಕೆಂದು ಯೋಜಿಸಿದ್ದು. ಕೂಡಿಸಿದ ಕೂಡಲೇ ಎಂದೂ ಅಗೆಯದ ಸುರಂಗ ಹುಟ್ಟಿಕೊಳ್ಳುತ್ತದೆ. ಸ್ಪಷ್ಟಗೊಳಿಸಿದ ಪ್ರತಿ ಬೇಕಿದ್ದರೆ ಅದು ಪಕ್ಕದಲ್ಲಿರಲಿ, ಮುಟ್ಟದ ಟಿಫ್ (ವಿವರ ಕಳೆಯದೆ ಉಳಿಸುವ ಚಿತ್ರ ರೂಪ) ಫೈಲೇ ದಾಖಲೆಯಾಗಿರಲಿ. ಆ ಫೈಲಿನ ರೆಸಲ್ಯೂಷನ್ ಅಂಕಣದಲ್ಲಿ ಫಿಲ್ಮಿನ 6100 ಬದಲು ಮೂಲದ 254 ಬರೆದರೆ, ಮುಂದೆ ತೆರೆದವರಿಗೆ ನಕ್ಷೆ ಅದರ ನಿಜ ಗಾತ್ರದಲ್ಲೇ ಸಿಗುತ್ತದೆ.

ಹೆಸರಿಡುವುದು ಸರಳವಾಗಿರಲಿ: ರೋಲಿನ ಸಂಖ್ಯೆ, ಚೌಕಟ್ಟಿನ ಸಂಖ್ಯೆ. ಖಾಲಿ ಚೌಕಟ್ಟನ್ನೂ ಎಣಿಸಬೇಕು, ಇಲ್ಲವಾದರೆ ಹಳೆಯ ಸೂಚಿ ಪುಸ್ತಕದ ಎಣಿಕೆಯೊಂದಿಗೆ ತಾಳೆಯಾಗದು. ಡ್ರಾಯಿಂಗ್ ಸಂಖ್ಯೆ, ತಿದ್ದುಪಡಿ, ಶಾಫ್ಟ್, ಲೆವೆಲ್, ಪ್ರಮಾಣ, ದಿನಾಂಕಗಳನ್ನು ಇಬ್ಬರು ಬೇರೆಬೇರೆಯಾಗಿ ಟೈಪಿಸಿ ಹೋಲಿಸಬೇಕು. ಓರೆಯಾಗಿ ಬರೆದ ಕೈಬರಹವನ್ನು ಅಕ್ಷರ ಗುರುತಿಸುವ ತಂತ್ರಾಂಶ ಓದಲಾರದು. ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದಿಟ್ಟರೆ ಮುಂದೊಂದು ದಿನ ಒಂದು ಬಿಟ್ ಬದಲಾದರೂ ತಿಳಿಯುತ್ತದೆ. ಫಿಲ್ಮನ್ನು ಮಾತ್ರ ಎಸೆಯಬಾರದು. ಪಾಲಿಯೆಸ್ಟರ್ ಬೆಳ್ಳಿ ಫಿಲ್ಮು ಸರಿಯಾಗಿಟ್ಟರೆ 500 ವರ್ಷ ಬಾಳುವಂಥದ್ದು, ಓದಲು ಒಂದು ಭೂತಗನ್ನಡಿ ಸಾಕು.

ಕೆಲಸ ಒಪ್ಪಿಸಿಕೊಳ್ಳುವ ದಿನ ಅಧಿಕಾರಿ ಮಾಡಬೇಕಾದ ಪರೀಕ್ಷೆಗೆ ಅರ್ಧ ದಿನ ಬೇಕು. ಯಾವುದಾದರೂ ಹತ್ತು ಚೌಕಟ್ಟನ್ನು ತಾನೇ ಆರಿಸಿ, ಪರೀಕ್ಷಾ ಫಲಕದ ಗುಂಪನ್ನು ಫಿಲ್ಮಿನಲ್ಲೂ ಪರದೆಯಲ್ಲೂ ನೋಡಿ, ಜಾಲದ ಎರಡು ಗೆರೆಗಳ ಅಂತರ ಅಳೆದು, ಕೊನೆಗೆ ಜೋಡಿಸಿದ ನಕ್ಷೆಯಲ್ಲಿ ಎರಡು ಶಾಫ್ಟ್‌ಗಳ ನಡುವಿನ ದೂರವನ್ನು ನೆಲದ ಮೇಲೆ ಅಳೆದ ದೂರದ ಪಕ್ಕ ಬರೆಯಬೇಕು. ಎರಡು ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬಿಲ್ಲಿಗೆ ಸಹಿ ಹಾಕುವ ಮೊದಲು ಆ ರೋಲನ್ನು ಮತ್ತೆ ಬಿಚ್ಚಿಸಬೇಕು.